ಲಂಡನ್ನಿನಲ್ಲಿ ಒಂದು ಅಚ್ಚಿನ ಹಿಂಬದಿ

ಹಾಸ್ಟೆಲ್ ಕೋಣೆ

ಲಂಡನ್ನಿನಿಂದ ವಾಪಸು ಬಂದ ಅಪ್ಪನನ್ನು ಹೊಳೆನರಸೀಪುರದಲ್ಲಿ ಎಲ್ಲರೂ ಮೊದಲು ಕೇಳಿದ್ದು ಚಳಿಯ ಬಗ್ಗೆ, ಆಮೇಲೆ ಊಟದ ಬಗ್ಗೆ. ಅಪ್ಪ ಎರಡಕ್ಕೂ ಒಂದೇ ಉತ್ತರ ಕೊಡುತ್ತಿದ್ದ. “ಅವೆಲ್ಲ ಇರ್ಲಿ ಕಣಪ್ಪ, ಅಲ್ಲಿ ರಾಹುಕಾಲ ಯಾವಾಗ ಅಂತ ಒಬ್ಬನಿಗೂ ಗೊತ್ತಿಲ್ಲ.”

ಕೇಳಿದವರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಆ ರಾಹುಕಾಲದ ದೆಸೆಯಿಂದ ನಮ್ಮದೊಂದು ದಿನ ಪೂರಾ ಬುಡಮೇಲಾಗಿತ್ತು.

ನಾವು ಅಲ್ಲಿದ್ದದ್ದು ಮೂರು ವಾರ, ಎರಡು ಸಾವಿರದ ನಾಲ್ಕರ ಮೇ ತಿಂಗಳಲ್ಲಿ. ನಾನು ಹಾಸನದಲ್ಲಿ ಅಚ್ಚುಕಲೆ ಕಲಿಸುವವಳು. ಅಲ್ಲಿನ ಒಂದು ಕಾಲೇಜು ಕಾರ್ಯಾಗಾರಕ್ಕೆ ಕರೆದಿತ್ತು; ಅವರ ಹಾಸ್ಟೆಲಿನಲ್ಲಿ ಎರಡು ಮಂಚದ ಕೋಣೆ ಕೊಟ್ಟಿದ್ದರು. ನಾನು ಬರೆಯಲು ಹೊರಟಿರುವುದು ಮೂರು ವಾರದ ಕತೆಯಲ್ಲ, ಒಂದು ಶುಕ್ರವಾರದ್ದು. ಬೇರೆ ದಿನಗಳ ಚೂರುಪಾರು ಇದರೊಳಗೆ ಸೇರಿಕೊಂಡಿರಬಹುದು. ಗುಮಾನಿ ಬಂದ ಕಡೆ ಹೇಳುತ್ತೇನೆ.

ಆ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಬನ್ನಿ, ನೀವು ಕೇಳಿದ ಹಾಳೆಯನ್ನು ತೆಗೆದಿಟ್ಟಿರುತ್ತೇವೆ ಎಂದು ಒಂದು ದೊಡ್ಡ ಮ್ಯೂಸಿಯಮ್ಮಿನ ಓದುವ ಕೋಣೆಯಿಂದ ಕಾಗದ ಬಂದಿತ್ತು. ಅಪ್ಪ ಅರವತ್ತಾರನೆಯ ವಯಸ್ಸಿನಲ್ಲಿ ವಿಮಾನ ಹತ್ತಿದ್ದೇ ಆ ಹಾಳೆ ನೋಡುವುದಕ್ಕೆ. ಅದರಲ್ಲಿ ಅವ್ವನ ಕೈಬರಹ ಇದೆ ಎಂದು ಅವನ ವಾದ. ಅವ್ವ ತೀರಿಕೊಂಡು ಆಗ ಒಂದೂವರೆ ವರ್ಷವಾಗಿತ್ತು.

ಹತ್ತು ಗಂಟೆಗೆಲ್ಲ ಅಪ್ಪ ತಯಾರಾಗಿ ಮಂಚದ ಮೇಲೆ ಕೂತಿದ್ದ. ಬಿಳಿ ಶರಟು, ಅದರ ಮೇಲೆ ಸ್ವೆಟರು, ಅದರ ಮೇಲೆ ಶಾಲು. ಶೂ ಲೇಸು ಕೂಡ ಕಟ್ಟಿಯಾಗಿತ್ತು. ನಾನು ಬಾಗಿಲು ತೆಗೆದು ನಿಂತರೂ ಏಳಲಿಲ್ಲ.

“ಇವತ್ತು ಶುಕ್ರವಾರ ಕಣವ್ವ. ಹತ್ತೂವರೆಯಿಂದ ಹನ್ನೆರಡು ರಾಹುಕಾಲ.”

“ಈಗ್ಲೇ ಹೊರಟ್ರೆ ಹತ್ತೂವರೆಗೆ ಮುಂಚೆ ಹೊಸ್ಲು ದಾಟಿದಂಗಾಯ್ತಲ್ಲಪ್ಪ.”

“ಒಸ್ಲು ದಾಟಾದಲ್ಲ, ಅದ್ನ ನೋಡಾದು ಮುಖ್ಯ. ರಾಹುಕಾಲ್ದಲ್ಲಿ ನೋಡಾದಾ?”

“ನಿನ್ ವಾಚಲ್ಲಿ ಎಷ್ಟು ಗಂಟೆ ಈಗ?”

ಅಪ್ಪನ ಕೈಗಡಿಯಾರ ಇನ್ನೂ ಹಾಸನದ ಹೊತ್ತನ್ನೇ ತೋರಿಸುತ್ತಿತ್ತು. ತಿರುಗಿಸಲು ಬಿಟ್ಟಿರಲಿಲ್ಲ. ನೋಡಿಕೊಂಡು, “ಎರಡೂ ಮುಕ್ಕಾಲು,” ಅಂದ.

“ಅಂದ್ಮೇಲೆ ರಾಹುಕಾಲ ಮುಗಿದು ಎಷ್ಟೊತ್ತಾಯ್ತು.”

“ಅದು ಹಾಸನದ ರಾಹು. ಸೂರ್ಯ ಇಲ್ಲವ್ನಲ್ಲ ಈಗ.”

“ಇಲ್ಲಿ ಸೂರ್ಯ ಐದಕ್ಕೇ ಹುಟ್ಟಿ ಒಂಬತ್ತಕ್ಕೆ ಮುಳುಗ್ತಾನೆ. ಆ ಲೆಕ್ಕದಲ್ಲಿ ಹಾಕಿದ್ರೆ…” ಎಂದು ಶುರುಮಾಡಿದವಳು ಲೆಕ್ಕ ಹಾಕಿ ಬಾಯಿ ಮುಚ್ಚಿಕೊಂಡೆ. ಹಗಲನ್ನು ಎಂಟು ಪಾಲು ಮಾಡಿದರೆ ರಾಹುವಿನ ಪಾಲು ಹನ್ನೊಂದರಿಂದ ಒಂದರವರೆಗೆ ಬರುತ್ತಿತ್ತು.

“ಎಷ್ಟ್ ಬಂತು?”

“ಹತ್ತೂವರೆಯಿಂದ ಹನ್ನೆರಡೇ ಬುಡು.”

“ನಾನೇಳ್ಲಿಲ್ವಾ,” ಅಂದು ಅಪ್ಪ ಕಿಟಕಿಯ ಕಡೆ ತಿರುಗಿ ಕೂತ.

ಅಪ್ಪ ರಾಹುಕಾಲ ನೋಡಿದ್ದನ್ನು ನಾನು ಅದುವರೆಗೆ ಕಂಡವಳಲ್ಲ. ನಮ್ಮ ಮನೆಯಲ್ಲಿ ಅದು ಅವ್ವನ ಖಾತೆ. ಅವಳು ಕ್ಯಾಲೆಂಡರಿನ ಮುಂದೆ ನಿಂತಾಗ ಅಪ್ಪ, “ನಾನ್ ಅಚ್ಚು ತೆಗಿಯೋ ಕಲ್ಲು ಏಳ್ನೂರು ವರ್ಸದಿಂದ ರಾಹುಕಾಲ್ದಲ್ಲೇ ನಿಂತವೆ, ಏನಾಗದೆ ಅವಕ್ಕೆ?” ಎಂದು ರೇಗಿಸುತ್ತಿದ್ದ. ಅವತ್ತು ಅವನು ಹೆದರಿಕೊಂಡಿದ್ದ ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಬರೀ ಸಿಟ್ಟು ಬಂದಿತ್ತು. ಒಂದೂವರೆ ಗಂಟೆ ಇಬ್ಬರೂ ಎದುರು ಕಟ್ಟಡದ ಕೊಳವೆಗಳನ್ನು ನೋಡುತ್ತ ಕೂತೆವು.

ಬಸ್ಸಿನ ಮಹಡಿ

ಅಲ್ಲಿನ ಬಸ್ಸಿನ ಮೇಲಿನ ಮಹಡಿಯಲ್ಲಿ, ಎಲ್ಲಕ್ಕಿಂತ ಮುಂದಿನ ಸೀಟು ಸಿಕ್ಕರೆ ಅಪ್ಪನಿಗೆ ಮಕ್ಕಳಷ್ಟು ಖುಷಿ. ಮರದ ಕೊಂಬೆಗಳು ಗಾಜಿಗೆ ಬಡಿಯುವಾಗ ತಲೆ ಬಗ್ಗಿಸುತ್ತಿದ್ದ. ಆ ಊರಿನವರು ಬಸ್ಸಿನಲ್ಲಿ ಪಕ್ಕದವರ ಮುಖ ನೋಡುವುದಿಲ್ಲ. ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬರುವಷ್ಟರಲ್ಲಿ ನಮ್ಮಲ್ಲಿ ಎದುರಿನವರ ಮಗಳ ಮದುವೆಯವರೆಗೆ ಮಾತು ಬೆಳೆದಿರುತ್ತದೆ. ಇಲ್ಲಿ ಒಬ್ಬಾಕೆ ಅಪ್ಪನ ಶಾಲು ತನ್ನ ಮಡಿಲ ಮೇಲೆ ಬಿದ್ದಿದ್ದರೂ ನಾಲ್ಕು ಸ್ಟಾಪು ಸುಮ್ಮನೆ ಕೂತಿದ್ದಳು.

ಹಾಳೆಯ ವಿಷಯ ಈಗಲೇ ಹೇಳಿಬಿಡಬೇಕು.

ಅಪ್ಪ ಶಾಸನಗಳ ಪಡಿಯಚ್ಚು ತೆಗೆಯುವವನು. ಕಲ್ಲನ್ನು ಚೆನ್ನಾಗಿ ತೊಳೆದು, ಅದರ ಮೇಲೆ ಒದ್ದೆ ಕಾಗದ ಹಾಸಿ, ಗಟ್ಟಿ ಬ್ರಷ್ಷಿನಿಂದ ಬಡಿದು ಬಡಿದು ಕಾಗದವನ್ನು ಅಕ್ಷರಗಳ ಕುಳಿಯೊಳಕ್ಕೆ ಇಳಿಸಬೇಕು. ಅರ್ಧ ಒಣಗಿದ ಮೇಲೆ ಮಸಿ ಹಚ್ಚಿದ ಬಟ್ಟೆಯುಂಡೆಯಿಂದ ತಟ್ಟಬೇಕು. ಕುಳಿಯೊಳಗಿನ ಅಕ್ಷರಕ್ಕೆ ಮಸಿ ತಾಗುವುದಿಲ್ಲ; ಕಪ್ಪು ಹಾಳೆಯಲ್ಲಿ ಅದು ಬಿಳಿಯಾಗಿ ಉಳಿಯುತ್ತದೆ. ಪೂರಾ ಒಣಗಿದ ಮೇಲೆ ಹಾಳೆಯನ್ನು ಸುಲಿದು ತೆಗೆದರೆ ಕಲ್ಲು ಕಲ್ಲಿನ ಜಾಗದಲ್ಲೇ, ಮಾತು ಮಾತ್ರ ನಮ್ಮ ಕೈಯಲ್ಲಿ.

ಅಪ್ಪ ಇನ್ನೂ ಪ್ರಾಯದವನಾಗಿದ್ದಾಗ ಕಲ್ಲುಗಳನ್ನು ಓದುವ ಒಬ್ಬ ಇಂಗ್ಲಿಷ್ ಹೆಂಗಸು ಬಂದು ಅರಕಲಗೂಡು, ಹಳ್ಳಿಮೈಸೂರು, ಮೊಸಳೆ ಎಂದು ಅವನನ್ನು ಸುತ್ತಿಸಿದಳಂತೆ. ಅವನ ಬಾಯಲ್ಲಿ ಅವಳು ಈಗಲೂ ‘ದೊರೆಸಾನಿ’. ಶೆಟ್ಟಿಹಳ್ಳಿಯ ಇಗರ್ಜಿಯಿಂದ ಎರಡು ಹೊಲ ಆಚೆ, ಹೊಳೆದಂಡೆಯ ಊರೊಂದರಲ್ಲಿ ಒಂದು ಮಾಸ್ತಿಕಲ್ಲಿತ್ತು, ಗಂಡನ ಚಿತೆಯೇರಿದವಳ ನೆನಪಿಗೆ ನಿಲ್ಲಿಸಿದ್ದು. ಬಳೆ ತೊಟ್ಟ ಎತ್ತಿದ ಕೈ, ಕೆಳಗೆ ಆರು ಸಾಲು ಬರಹ. ಅದರ ಅಚ್ಚು ತೆಗೆಯುವಾಗ ಗಾಳಿ ಬೀಸಿ ಹಾಳೆಯ ಮೂಲೆ ಹರಿಯಿತು. ಹರಿದ ಕಡೆ ಒಳಗಿನಿಂದ, ಕಲ್ಲಿಗೂ ಹಾಳೆಗೂ ನಡುವೆ, ಇನ್ನೊಂದು ತುಂಡು ಇಟ್ಟು ಬಡಿದರೆ ಎರಡೂ ಒಂದಾಗುತ್ತವೆ. ಆದರೆ ತಂದ ಕಾಗದ ಮುಗಿದಿತ್ತು. ಪಕ್ಕದ ಮನೆಯ ಜಗಲಿಯಲ್ಲಿ ಕೂತು ನೋಡುತ್ತಿದ್ದ ಹುಡುಗಿ ಎದ್ದು ಒಳಗೆ ಹೋಗಿ, ತನ್ನ ಹಳೆಯ ನೋಟುಪುಸ್ತಕದಿಂದ ಒಂದು ಹಾಳೆ ಹರಿದು ತಂದುಕೊಟ್ಟಳು. ಬರೆದ ಬದಿಯನ್ನು ಕಲ್ಲಿನ ಕಡೆ ಮಾಡಿ ಅಪ್ಪ ತೇಪೆ ಹಾಕಿದ. ಎರಡು ವರ್ಷದ ಮೇಲೆ ಆ ಹುಡುಗಿಯನ್ನೇ ಮದುವೆಯಾದ. ಅಚ್ಚು ದೊರೆಸಾನಿಯ ಜೊತೆ ಹಡಗಿನಲ್ಲಿ ಹೋಯಿತು. ಅಣೆಕಟ್ಟಿನ ಬಾಗಿಲು ಹಾಕಿದ ಮೇಲೆ ಊರೂ ಕಲ್ಲೂ ನೀರಿಗೆ ಹೋದವು. ದೊರೆಸಾನಿ ಸತ್ತ ಮೇಲೆ ಅವಳ ಕಾಗದಪತ್ರ ಈ ಮ್ಯೂಸಿಯಮ್ಮಿಗೆ ಬಂದವು. ನಾನು ಬರೆದು ಕೇಳಿದೆ, ಇದೆ ಎಂದರು.

ಇದು ಅಪ್ಪ ಹೇಳುವ ಕತೆ. ಇದನ್ನು ಅವನು ಒಂದೇ ಥರ ಹೇಳಿದ್ದಿಲ್ಲ. ನಾನು ಚಿಕ್ಕವಳಿದ್ದಾಗ ಆ ತುಂಡು ಬೆಲ್ಲ ಕಟ್ಟಿದ ಕಾಗದವಾಗಿತ್ತು. ಆಮೇಲೆ ಯಾವಾಗಲೋ ನೋಟುಪುಸ್ತಕವಾಯಿತು, ನೀಲಿ ಶಾಯಿಯ ಮುತ್ತಿನಂಥ ಅಕ್ಷರ ಬಂತು. ನಾನು ಅಚ್ಚುಕಲೆ ಕಲಿತು ಬಂದ ಮೇಲೆ, “ಒದ್ದೆ ಕಾಗದದ ಮೇಲೆ ಶಾಯಿ ಎಲ್ಲಪ್ಪ ನಿಲ್ಲುತ್ತೆ, ಕರಗಿ ಓಡಲ್ವಾ?” ಅಂದೆ. ಮುಂದಿನ ಸಲದಿಂದ ಅದು ಸೀಸದಕಡ್ಡಿಯಾಯಿತು. ಎಷ್ಟೋ ಸಲ ಬಟ್ಟೆ ಬದಲಿಸಿ ನನ್ನ ಮುಂದೆ ನಿಂತ ಕತೆಯನ್ನು ನಾನು ನಂಬುವುದಾದರೂ ಹೇಗೆ?

ಅಪನಂಬಿಕೆಗೆ ಇನ್ನೊಂದು ಕಾರಣವಿತ್ತು. ಅವ್ವ ಬರೆದದ್ದನ್ನು ನಾನು ಒಂದೇ ಒಂದು ಸಲವೂ ನೋಡಿಲ್ಲ. ಬ್ಯಾಂಕಿಗೆ, ರೇಷನ್ನಿಗೆ, ನನ್ನ ಶಾಲೆಯ ಅಂಕಪಟ್ಟಿಗೆ, ಎಲ್ಲದಕ್ಕೂ ಅವಳು ಹೆಬ್ಬೆಟ್ಟು ಒತ್ತುತ್ತಿದ್ದಳು. ಶಾಲೆಯದಕ್ಕೆ ಅಪ್ಪನ ಮಸಿಯುಂಡೆಗೇ ಬೆರಳು ತಾಗಿಸಿ ಒತ್ತುತ್ತಿದ್ದಳು. ಏಳನೇ ಕ್ಲಾಸಿನಲ್ಲಿ ನಾನು ಅದನ್ನು ಬೇಡವೆಂದು ತಡೆದು, ಅವಳ ಎದುರಿಗೇ ಅಪ್ಪನ ರುಜು ನಾನೇ ಹಾಕಿಕೊಂಡೆ. ಅವ್ವ ನೋಡುತ್ತ ನಿಂತಿದ್ದು, “ಚೆಂದಾಗಿ ಬರೀತೀಯ ಕಣ,” ಅಂದಳು. ಬರೆಯಲು ಬರುತ್ತಿದ್ದವಳು ಹಾಗೆ ಹೇಳುತ್ತಾಳೆಯೇ? ಬರುತ್ತಿದ್ದರೆ ಮೂವತ್ತೈದು ವರ್ಷ ಹೆಬ್ಬೆಟ್ಟು ಯಾಕೆ ಒತ್ತಿದಳು? ಅಪ್ಪನನ್ನು ಕೇಳಿದರೆ, “ಅವಳ್ ಇಷ್ಟ,” ಅನ್ನುತ್ತಾನೆ. ಅವ್ವನನ್ನು ಕೇಳಲಿಲ್ಲ.

ಸುಣ್ಣದ ಕಂಬಗಳ ಹಜಾರ

ಮ್ಯೂಸಿಯಮ್ಮಿನ ಓದುವ ಕೋಣೆಯಲ್ಲಿ ಹೆಲೆನ್ ಎಂಬಾಕೆ ನಮಗಾಗಿ ಕಾದಿದ್ದು, ಕಾದು ಸಾಕಾಗಿ, ಹಾಳೆಯನ್ನು ಮತ್ತೆ ಒಳಗೆ ಕಳಿಸಿದ್ದಳು. ನಾವು ಮುಟ್ಟಿದಾಗ ಹನ್ನೆರಡೂವರೆ ದಾಟಿತ್ತು. ಬೈಯಲಿಲ್ಲ. ಏನಾದರೂ ತೊಂದರೆಯಾಯಿತೇ ಎಂದು ಕೇಳಿದಳು. ರಾಹುಕಾಲವನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೋ ತಿಳಿಯದೆ, “ಬಸ್ಸು,” ಎಂದು ಸುಳ್ಳು ಹೇಳಿದೆ. ಮೂರೂವರೆಗೆ ಬನ್ನಿ, ನಾಲ್ಕೂವರೆಗೆ ಕೋಣೆ ಮುಚ್ಚುತ್ತೇವೆ, ಸೋಮವಾರದಿಂದ ಒಂದು ತಿಂಗಳು ರಿಪೇರಿ ಎಂದಳು. ನಾವು ಭಾನುವಾರ ಹೊರಡುವವರು.

“ಏನಂದ್ಲು?” ಅಪ್ಪ ಕೇಳಿದ.

“ಮೂರು ಗಂಟೆ ಊರು ನೋಡ್ಕಂಡು ಬನ್ನಿ ಅಂದ್ಲು.”

“ನೋಡಾನ ಬುಡು,” ಅಂದ, ತಪ್ಪು ಅವನದಲ್ಲವೇ ಅಲ್ಲ ಎನ್ನುವ ಹಾಗೆ.

ಆ ಮ್ಯೂಸಿಯಮ್ಮಿನಲ್ಲಿ ಒಂದು ದೊಡ್ಡ ಹಜಾರವಿದೆ. ಬೇರೆಬೇರೆ ದೇಶದ ಕಂಬ, ಬಾಗಿಲುವಾಡ, ಸಮಾಧಿ ಎಲ್ಲ ಒಂದೇ ಸೂರಿನಡಿ ನಿಂತಿವೆ. ಒಂದು ಕಂಬವಂತೂ ಎಷ್ಟು ಎತ್ತರವೆಂದರೆ, ಸೂರು ಸಾಲದೆ ಎರಡು ತುಂಡು ಮಾಡಿ ಪಕ್ಕಪಕ್ಕ ನಿಲ್ಲಿಸಿದ್ದಾರೆ. ಅಪ್ಪ ಕೈಕಟ್ಟಿಕೊಂಡು ಒಂದು ಸುತ್ತು ಹಾಕಿದ. ಆಮೇಲೆ ಯಾರೂ ನೋಡುತ್ತಿಲ್ಲವೆಂದುಕೊಂಡು ಒಂದು ಬಾಗಿಲುವಾಡವನ್ನು ಬೆರಳ ಗೆಣ್ಣಿನಿಂದ ಟಕ್ಕಟಕ್ಕನೆ ಬಡಿದ. ನಮ್ಮ ಕಡೆ ಮಡಕೆ ಕೊಳ್ಳುವವರು ಬಡಿದು ನೋಡುವ ಹಾಗೆ.

“ಇದು ಕಲ್ಲಲ್ಲ ಕಣವ್ವ. ಒಳ್ಗೆ ಪೊಳ್ಳು. ಸುಣ್ಣ ಇದ್ದಂಗೈತೆ.”

ಬೋರ್ಡು ಓದಿದೆ. ಅವನ ಮಾತು ನಿಜ. ಅಲ್ಲಿದ್ದದ್ದೆಲ್ಲ ಗಾರೆಯಲ್ಲಿ ಎರಕ ಹೊಯ್ದ ಪಡಿಯಚ್ಚುಗಳು. ಹೇಳಿದೆ. ಅಷ್ಟರಲ್ಲಿ ಕಾವಲಿನವನು ಬಂದ. ಆರಡಿ ಮೀರಿದ ಕರಿಯ ಮನುಷ್ಯ, ತಲೆ ನೆರೆತಿತ್ತು. ಮುಟ್ಟಬಾರದು ಎಂದು ಬೆರಳಾಡಿಸಿದ.

“ಅಸ್ಲಿ ಎಲ್ಲೈತೆ ಅಂತ ಕೇಳವ್ವ ಇವ್ನ.”

ಕೇಳಿದೆ. ಮೂಲಗಳೆಲ್ಲ ಅವುಗಳ ಊರಿನಲ್ಲೇ ಇವೆ ಎಂದ ಅವನು. ನಾನು ಕನ್ನಡದಲ್ಲಿ ಹೇಳಿದ್ದೇ ತಡ, ಅಪ್ಪ ಅವನ ಕೈ ಹಿಡಿದು ಕುಲುಕಿಬಿಟ್ಟ. “ಇಂಗಿರ್ಬೇಕು ಕಣಪ್ಪ. ಅಚ್ಚು ತಕ್ಕಂಡು ಕಲ್ಲ ಅಲ್ಲೇ ಬುಡಬೇಕು.” ಏನು ಹೇಳಿದರು ಎಂದು ಅವನು ನನ್ನನ್ನು ಕೇಳಿದ. ನಿಮ್ಮ ಹಜಾರ ಚೆನ್ನಾಗಿದೆಯಂತೆ ಎಂದೆ. “ಹಾಗಾದರೆ ಬಡಿಯದೆ ನೋಡಲು ಹೇಳಿ,” ಎಂದು ನಕ್ಕ.

ಅಲ್ಲಿಯ ಯಾವ ಕಂಬದಲ್ಲಿ ಏನು ಕೆತ್ತಿತ್ತೋ ಈಗ ಒಂದೂ ನೆನಪಿಲ್ಲ. ಟಕ್ಕಟಕ್ಕೆಂಬ ಆ ಸದ್ದು ಮಾತ್ರ ಕಿವಿಯಲ್ಲಿದೆ.

ಚಿತ್ರಗಳ ಕೋಣೆಗಳು

ಮೇಲಿನ ಮಹಡಿಯಲ್ಲಿ ಎಣ್ಣೆಬಣ್ಣದ ಚಿತ್ರಗಳು. ಒಂದು ಕೋಣೆ ಮುಗಿದರೆ ಇನ್ನೊಂದು. ನನ್ನ ವಿದ್ಯಾರ್ಥಿಗಳಿಗೆ ಪುಸ್ತಕದಲ್ಲಿ ಬೆಂಕಿಪೊಟ್ಟಣದಷ್ಟಗಲ ತೋರಿಸಿ ಪಾಠ ಮಾಡಿದ ಚಿತ್ರಗಳು ಗೋಡೆಯಷ್ಟು ದೊಡ್ಡವಾಗಿ ಎದುರಿಗಿದ್ದವು. ಇಷ್ಟು ವರ್ಷ ನಾನು ಕಂದು ಎಂದು ಹೇಳಿಕೊಟ್ಟ ಒಂದು ಬೆಟ್ಟ ನಿಜಕ್ಕೂ ನೇರಳೆ ಬಣ್ಣದ್ದಿತ್ತು. ಆ ಬೆಟ್ಟದ ಮುಂದೆ ನನ್ನ ಒಂದಷ್ಟು ಹೊತ್ತು ಹೋಯಿತು.

ತಿರುಗಿ ನೋಡಿದರೆ ಅಪ್ಪ ಒಂದು ಚಿತ್ರದ ಪಕ್ಕ ಗೋಡೆಗೆ ಕೆನ್ನೆ ಆನಿಸಿ ನಿಂತಿದ್ದಾನೆ. ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿನಲ್ಲಿ ಇಣುಕುತ್ತಿದ್ದಾನೆ. ನಾನು ಬೇಡ ಎನ್ನುವುದರೊಳಗೆ ಕಿರ್ರೆಂದು ಗಂಟೆ ಹೊಡೆದುಕೊಂಡಿತು. ಕೋಣೆಯಲ್ಲಿದ್ದವರೆಲ್ಲ ತಿರುಗಿದರು. ಇಬ್ಬರು ಕಾವಲಿನವರು ಓಡಿಬಂದರು. ಅಪ್ಪ ಎರಡೂ ಕೈ ಮೇಲೆತ್ತಿದ.

“ಏನ್ ಮಾಡ್ತಿದ್ದೆ ಅಪ್ಪ?”

“ಇಂದ್ಗಡೆ ನೋಡ್ತಿದ್ದೆ.”

ಅಪ್ಪನ ಕೆಲಸದಲ್ಲಿ ಅದು ಕ್ರಮ. ಅಚ್ಚು ಸುಲಿದ ಮೇಲೆ ಮೊದಲು ನೋಡುವುದು ಬೆನ್ನನ್ನು. ಮುಂದೆ ಮಸಿ ಎಷ್ಟು ಚೆಂದ ಕೂತಿದ್ದರೂ, ಹಿಂದೆ ಅಕ್ಷರಗಳು ಉಬ್ಬಿ ನಿಲ್ಲದಿದ್ದರೆ ಕಾಗದ ಕಲ್ಲಿಗೆ ಇಳಿದಿಲ್ಲವೆಂದೇ ಅರ್ಥ. ಉಬ್ಬಿದ ಅಕ್ಷರ ಉಲ್ಟಾ ಇರುತ್ತದೆ. ನಲವತ್ತು ವರ್ಷ ನೋಡಿನೋಡಿ ಅವನು ಉಲ್ಟಾ ಬರಹವನ್ನು ನೇರ ಬರಹದಷ್ಟೇ ಸಲೀಸಾಗಿ ಓದುತ್ತಾನೆ. ಅಚ್ಚಿನ ಫಲಕಗಳ ಮೇಲೆ ಉಲ್ಟಾ ಬರೆದು ರೂಢಿಯಾದ ನಾನೂ ಓದಬಲ್ಲೆ. ನಮ್ಮಿಬ್ಬರಿಗೆ ಒಟ್ಟಿಗೆ ಬರುವ ವಿದ್ಯೆ ಅದೊಂದೇ. ಇದನ್ನೆಲ್ಲ ಕಾವಲಿನವರಿಗೆ ಹೇಳುವಷ್ಟು ಇಂಗ್ಲಿಷ್ ಇತ್ತು, ಧೈರ್ಯವಿರಲಿಲ್ಲ. ಅಪ್ಪನಿಗೆ ಕಣ್ಣು ಮಂಜು, ಅದಕ್ಕೇ ಹತ್ತಿರ ಹೋದ ಎಂದೆ. ಆ ದಿನದ ಇನ್ನೊಂದು ಸುಳ್ಳು.

ಆಮೇಲೆ ಒಂದು ಸಣ್ಣ ಚಿತ್ರದ ಮುಂದೆ ಅಪ್ಪ ಬಹಳ ಹೊತ್ತು ನಿಂತ. ಕಿಟಕಿಯ ಬಳಿ ಹೆಂಗಸೊಬ್ಬಳು ಮೇಜಿಗೆ ಬಾಗಿ ಕಾಗದ ಬರೆಯುತ್ತಿರುವ ಚಿತ್ರ. “ಏನ್ ಬರೀತವ್ಳೆ?” ಅಂದ. ಕಾಣುವುದಿಲ್ಲ ಎಂದೆ. “ಕಾಣ್ದಂಗೆ ಯಾಕ್ ಬರೆದ ಇವ್ನು?” ಅಂದ.

ಇಲ್ಲಿ ನಿಲ್ಲಬೇಕು. ಈ ಚಿತ್ರವನ್ನು ಆ ಶುಕ್ರವಾರವೇ ನೋಡಿದೆವೆಂದು ನಾನು ಆಣೆ ಮಾಡಲಾರೆ. ಬೇರೆ ಮ್ಯೂಸಿಯಮ್ಮಿನಲ್ಲಿ ಬೇರೆ ದಿನ ಇರಬಹುದು. ಈ ದಿನದ ಕತೆಗೆ ಅದು ಹೇಳಿಮಾಡಿಸಿದ ಹಾಗೆ ಹೊಂದುತ್ತದೆ ಎಂಬುದಕ್ಕೇ ನನಗೆ ಅನುಮಾನ. ಅಪ್ಪನನ್ನು ಕೇಳಿದರೆ, “ಅವತ್ತೇ ಕಣ,” ಅನ್ನುತ್ತಾನೆ. ಅವನ ಸಾಕ್ಷಿ ಎಂಥದೆಂದು ಮೊದಲೇ ಹೇಳಿದ್ದೇನೆ.

ಹೊಳೆ

ಹೊಳೆ ನೋಡಲೇಬೇಕೆಂದವನು ಅಪ್ಪ. ಬಸ್ಸು ಹತ್ತಿ ಹೋದೆವು. ಕಲ್ಲಿನ ಕಟ್ಟೆ, ಕಬ್ಬಿಣದ ಬೆಂಚು. ನಾನು ಬೆಳಿಗ್ಗೆ ಕಲಸಿ ತಂದಿದ್ದ ಗೊಜ್ಜವಲಕ್ಕಿಯನ್ನು ಡಬ್ಬಿಯ ಮುಚ್ಚಳದಲ್ಲಿ ಹಾಕಿ ಕೊಟ್ಟೆ. ಹುಣಿಸೆಹುಳಿಯ ವಾಸನೆಗೋ ಏನೋ, ಪಕ್ಕದ ಬೆಂಚಿನವನು ತನ್ನ ಬ್ರೆಡ್ಡು ಮರೆತು ನಮ್ಮ ಕಡೆ ಮೂಗು ತಿರುಗಿಸಿದ. ಆ ಊರಿನಲ್ಲಿ ಒಬ್ಬೊಬ್ಬರೇ ಕೂತು ಉಣ್ಣುವವರು ಎಷ್ಟೊಂದು ಜನ. ಅಪ್ಪ ಮುಚ್ಚಳವನ್ನು ಅವನ ಕಡೆ ಚಾಚಿದ. ಅವನು ಕೈಯಾಡಿಸಿ ಬೇಡವೆಂದ; ಮುಖ ಮಾತ್ರ ಬೇಕು ಅನ್ನುತ್ತಿತ್ತು.

“ಒಳೆ ಇಷ್ಟೇನಾ?” ಅಪ್ಪ ಅಂದ. “ನಾನೇನೋ ಅಂದ್ಕಂಡಿದ್ದೆ.” ನೀರನ್ನೇ ನೋಡುತ್ತ, “ಇದು ಎತ್ಲಾಗೆ ಅರೀಬೇಕು?” ಎಂದು ಕೇಳಿದ.

ಸಮುದ್ರ ಎಡಗಡೆಗಿದೆ, ಎಡಕ್ಕೆ ಎಂದೆ.

“ಇಲ್ಲ ಕಣ. ಆ ಬಾಟ್ಲಿ ನೋಡು. ಆವಾಗಿಂದ ನೋಡ್ತಿವ್ನಿ, ಬಲಕ್ಕೇ ಓಗ್ತೈತೆ. ನೀರು ಇಂದಕ್ಕೆ ಬತ್ತಾ ಐತೆ.”

ನೋಡಿದೆ. ಖಾಲಿ ಬಾಟಲಿಯೊಂದು ನಿಧಾನವಾಗಿ, ಯಾರಿಗೋ ಕೆಲಸ ಹೇಳಲು ಹೋಗುವಂತೆ, ಹೊಳೆಯ ಮೇಲುಗಡೆಗೆ ಸಾಗುತ್ತಿತ್ತು. ಸಮುದ್ರ ಉಕ್ಕಿದಾಗ ಇಲ್ಲಿ ನೀರು ಒಳಕ್ಕೆ ಬರುತ್ತದೆ, ಮತ್ತೆ ಇಳಿಯುತ್ತದೆ, ದಿನಕ್ಕೆರಡು ಸಲ ಎಂದು ಎಲ್ಲೋ ಓದಿದ್ದನ್ನು ಹೇಳಿದೆ.

“ಮತ್ತೆ ಇಳಿತದಾ?”

“ಇಳಿತದೆ.”

“ನಮ್ದು ಇಳೀನಿಲ್ಲ,” ಅಂದ ಅಪ್ಪ.

ಅಣೆಕಟ್ಟು ಕಟ್ಟಿದ ವರ್ಷ ಅವ್ವನ ಊರಿಗೆ ನೀರು ಬಂದದ್ದು ಹೀಗೆಯೇ ಅಂತೆ. ಮಳೆಯಿಲ್ಲ, ಸದ್ದಿಲ್ಲ. ಕೆಳಗಡೆಗೆ ಹೋಗಬೇಕಾದ ಹೊಳೆ ಹಿಂದಕ್ಕೆ ತಿರುಗಿ ಗದ್ದೆಯ ಬದುಗಳನ್ನು ಒಂದೊಂದಾಗಿ ದಾಟುತ್ತ ಬಂತು. ಜನ ಮೊದಮೊದಲು ದಡದಲ್ಲಿ ನಿಂತು ತಮಾಷೆ ನೋಡಿದರು. ಅವ್ವ ನನ್ನನ್ನು ಸೊಂಟದಲ್ಲಿ ಎತ್ತಿಕೊಂಡು ತವರಿಗೆ ಹೋಗಿದ್ದಳಂತೆ. “ಮಾಸ್ತಮ್ಮನ ಕಲ್ಲ ಕಿತ್ತು ಸಾಗಿಸಾನ ಅಂದೆ ನಾನು. ನಿಮ್ಮವ್ವ ಬ್ಯಾಡ ಅಂದ್ಲು. ಅವ್ಳ ಜಾಗ ಅದೇಯಾ, ಇರ್ಲಿ ಬುಡಿ ಅಂದ್ಲು. ನೀರು ಕಲ್ಲಿನ ಪಾದಕ್ಕೆ ಬರೋಗಂಟ ನಿಂತಿದ್ಲು.”

ನನಗೂ ನೆನಪಿದೆ: ನೀರಿನಿಂದ ಮೇಲಕ್ಕೆ ನಿಂತ ಒಂದು ಕಲ್ಲಿನ ಕೈ, ಕೈತುಂಬ ಬಳೆ, ನನ್ನ ಕೆನ್ನೆಗೆ ಒತ್ತಿದ ಅವ್ವನ ಹೆಗಲು. ಆದರೆ ಆಗ ನನಗೆ ನಾಲ್ಕು ವರ್ಷವಾಗಿರಬೇಕು. ಅಪ್ಪ ಹೇಳುವಾಗ ಕೇಳಿದ್ದೋ, ನಾನೇ ಕಂಡಿದ್ದೋ, ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೋ ತಿಳಿಯದು. ಹೆಗಲು ಮಾತ್ರ ನನ್ನದೇ. ಹೆಗಲಿನ ವಿಷಯ ಅಪ್ಪ ಎಂದೂ ಹೇಳಿಲ್ಲ.

ಬಾಟಲಿ ಸೇತುವೆಯ ಕೆಳಗೆ ಹೋಯಿತು. ಅಪ್ಪ ಎದ್ದು, “ನಡಿ, ಒತ್ತಾಯ್ತು,” ಅಂದ. ಈ ಸಲ ಅವನೇ ಮುಂದೆ ನಡೆದ.

ಓದುವ ಕೋಣೆ

ಮೂರೂ ಇಪ್ಪತ್ತಕ್ಕೇ ಬಾಗಿಲಲ್ಲಿದ್ದೆವು. ಹೆಲೆನ್ ನಮ್ಮನ್ನು ಒಂದು ಉದ್ದನೆಯ ಮೇಜಿನ ಬಳಿ ಕೂರಿಸಿ, ಪೆನ್ನು ಬೇಡ, ಪೆನ್ಸಿಲ್ ಮಾತ್ರ ಎಂದು ಎರಡು ಪೆನ್ಸಿಲ್ ಕೊಟ್ಟಳು. ಅಪ್ಪ ಕೈ ತೊಳೆಯಬೇಕೆಂದ. ತೊಳೆದು ಬಂದ. ಶಾಲು ತೆಗೆದು ಮಡಿಸಿ ಕುರ್ಚಿಯ ಬೆನ್ನಿಗೆ ಹಾಕಿದ. ಚಪ್ಪಟೆ ಪೆಟ್ಟಿಗೆಯ ಮುಚ್ಚಳ ತೆಗೆದಾಗ ನಾನು ಹಾಳೆಯನ್ನು ನೋಡಲಿಲ್ಲ, ಅವನನ್ನು ನೋಡಿದೆ.

“ನಂದೇ,” ಅಂದ. “ಈ ತಟ್ಟು ನಂದೇ ಕಣ. ನೋಡು, ಎಲ್ಲೂ ಮಸಿ ಕುಳಿಯೊಳಿಕ್ಕೆ ಇಳಿದಿಲ್ಲ.”

ಎತ್ತಿದ ಕೈ ಮೇಲೆ, ಆರು ಸಾಲು ಕೆಳಗೆ. ನೀರಡಿಯ ಕಲ್ಲು ಇಪ್ಪತ್ತೈದು ವರ್ಷದಲ್ಲಿ ಏನಾಗಿದೆಯೋ, ಇಲ್ಲಿ ನಿನ್ನೆ ತೊಳೆದಂತಿತ್ತು. ಕೆಳಗಿನ ಬಲಮೂಲೆಯಲ್ಲಿ ಓರೆಯಾಗಿ ಒಂದು ಹರಕು. ಅದರ ಸುತ್ತ ಅಂಗೈಯಗಲ ಮಸಿಯ ಹೊಳಪು ಬೇರೆ, ಕಾಗದ ಎರಡು ಪದರ. ತೇಪೆ ಇತ್ತು. ಇಷ್ಟು ವರ್ಷದ ಕತೆಯಲ್ಲಿ ಅದೊಂದಾದರೂ ನಿಜವಾಯಿತು.

ಅಪ್ಪ ಹೆಲೆನ್ ಕಡೆ ನೋಡಿ ಅಂಗೈಯನ್ನು ಮಗುಚಿ ತೋರಿಸಿದ. ತಿರುವಿ ಹಾಕು ಎಂದು. ಅವಳು ಕೈಗವುಸು ಹಾಕಿಕೊಂಡು, ಇನ್ನೊಬ್ಬಳನ್ನು ಕರೆದು, ಇಬ್ಬರೂ ಸೇರಿ ಹಾಳೆಯನ್ನು ತಿರುವಿದರು.

ಹಿಂದೆ ಬಟ್ಟೆ ಇತ್ತು. ಕಾಗದ ಹರಿಯದಿರಲೆಂದು ದೊರೆಸಾನಿಯೋ ಈ ಮ್ಯೂಸಿಯಮ್ಮಿನವರೋ ಬೆನ್ನಿಗೆಲ್ಲ ಬಿಳಿ ಬಟ್ಟೆ ಅಂಟಿಸಿಬಿಟ್ಟಿದ್ದರು.

ಬಿಡಿಸಲಾಗ್ತದಾ ಎಂದು ಅಪ್ಪ ನನ್ನಿಂದ ಕೇಳಿಸಿದ. ಆಗುವುದಿಲ್ಲ ಎಂದಳು ಹೆಲೆನ್. ಬಿಡಿಸಿದರೆ ಹಾಳೆಯೇ ಉಳಿಯುವುದಿಲ್ಲ. ಬಟ್ಟೆಯ ಕೆಳಗೆ ಏನು ಹುಡುಕುತ್ತಿದ್ದೀರಿ ಎಂದು ಕೇಳಿದಳು.

ಅಷ್ಟು ಹೊತ್ತು ಸುಳ್ಳು ಹೇಳಿದ್ದವಳು ಇದೊಂದನ್ನು ನಿಜ ಹೇಳಿದೆ. ಆ ತುಂಡಿನ ಹಿಂದೆ ನನ್ನ ತಾಯಿ ಬರೆದದ್ದು ಇದೆ. ಇರಬಹುದು. ಅವಳಿಗೆ ಬರೆಯಲು ಬರುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ.

ಹೆಲೆನ್ ಒಳಗೆ ಹೋದಳು. ಬರುವಾಗ ಒಂದು ದೀಪದ ಹಲಗೆ ತಂದಳು, ಒಳಗಿನಿಂದ ಬೆಳಗುವ ಬಿಳಿ ಹಲಗೆ. ಹಾಳೆಯ ಮೂಲೆಯನ್ನು ಅದರ ಮೇಲೆ ಬರುವಂತೆ ಮುಖ ಮೇಲಾಗಿ ಮಲಗಿಸಿ, ಕಿಟಕಿಯ ಪರದೆ ಎಳೆದು, ಗುಂಡಿ ಒತ್ತಿದಳು.

ಮಸಿ ಕಪ್ಪಗೇ ಉಳಿಯಿತು. ಕಲ್ಲಿನ ಅಕ್ಷರಗಳು ಮಾತ್ರ ಒಳಗಿನಿಂದ ಹೊತ್ತಿಕೊಂಡವು. ತೇಪೆಯ ಜಾಗದಲ್ಲಿ ಆರನೆಯ ಸಾಲಿನ ಕೊನೆಯ ಐದು ಅಕ್ಷರಗಳಿದ್ದವು. ಆ ಬೆಳಕಿನ ಗೆರೆಗಳ ಒಳಗೆ, ಬಟ್ಟೆಯ ನೇಯ್ಗೆಯ ಜೊತೆಗೆ, ಬೂದಿಬಣ್ಣದ ಬೇರೆ ಗೆರೆಗಳಿದ್ದವು. ಬಿರುಕಲ್ಲ. ನೂಲಲ್ಲ. ಸೀಸದಕಡ್ಡಿ.

ನಾನು ಭೂತಗನ್ನಡಿ ಹಿಡಿದು ನೋಡಿದೆ. ಉಲ್ಟಾ ಅಕ್ಷರಗಳೇ ಹೌದು. ಒಂದು ಸುಳಿ, ‘ಮ’ದ ಹೊಟ್ಟೆ ಇರಬಹುದು. ಒಂದು ತಲಕಟ್ಟು. ಒಂದು ಒತ್ತಿನ ಬಾಲ. ಇನ್ನೊಂದು ಕಡೆ ಒಂದು ಚುಕ್ಕೆ ಅಥವಾ ಸೊನ್ನೆ. ಅಷ್ಟೇ. ಕಲ್ಲು ಕೊರೆದವನು ಎಷ್ಟಗಲ ಕೊರೆದಿದ್ದನೋ ಅಷ್ಟಗಲದ ಕಿಂಡಿಯಲ್ಲಿ ಯಾವುದೋ ಬರಹದ ಕೈಕಾಲು ಕಾಣುತ್ತಿತ್ತು. ಮಿಕ್ಕದ್ದೆಲ್ಲ ಮಸಿಯ ಕೆಳಗೆ. ಯಾರ ಬರಹವೆಂದು ಹೇಳಲು ಏನೂ ಇರಲಿಲ್ಲ. ಆದರೆ ಗೆರೆ ಗಟ್ಟಿಯಾಗಿತ್ತು, ಎಲ್ಲೂ ನಡುಗಿರಲಿಲ್ಲ. ಬರೆದವಳು ಬರೆಯಬಲ್ಲವಳು.

ಗಾಜನ್ನು ಅಪ್ಪನಿಗೆ ಕೊಟ್ಟೆ. ಅವನು ಅದನ್ನು ಪಕ್ಕಕ್ಕಿಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿದ. ತುಟಿ ಆಡತೊಡಗಿತು.

“ಬರ್ಕೊ,” ಅಂದ.

ಪೆನ್ಸಿಲ್ ತೆಗೆದುಕೊಂಡೆ.

“ಕ್ಷೇಮ. ಇತ್ತ ಕಡೆ ಎಲ್ಲರೂ ಕ್ಷೇಮ. ಅತ್ತ ಕಡೆ ನಿಮ್ಮ ಕ್ಷೇಮಕ್ಕೆ ಕಾಗದ ಬರೆಯುವುದು.” ಶಾಲೆಯಲ್ಲಿ ಪತ್ರಲೇಖನಕ್ಕೆ ಹೇಳಿಕೊಡುವ ಸಾಲು. ಅಪ್ಪ ಅದನ್ನು ಶಾಲೆಯ ಕನ್ನಡದಲ್ಲೇ, ಒಂದೊಂದೇ ಪದವಾಗಿ ಓದಿದ. ‘ಕ್ಷೇಮ’ದ ‘ಮ’ ನಾನು ಕಂಡ ಸುಳಿಯೇ ಇರಬಹುದು. ಬರೆದುಕೊಂಡೆ.

“ಅಕ್ಕನಿಗೆ ನಮಸ್ಕಾರ. ಕೆಂದಹಸು ಕರು ಹಾಕಿದೆ. ಹೆಣ್ಣುಗರು.” ಬರೆದುಕೊಂಡೆ.

“ಒಳೆ ತುಂಬೈತೆ. ಅವ್ವ ಒಳೆತವ್ಕೆ ಓಗ್ಬ್ಯಾಡ ಅಂತದೆ. ನಾನ್ ಓಯ್ತೀನಿ.”

ಪೆನ್ಸಿಲ್ ನಿಂತಿತು. ಆ ತುಂಡು ನನ್ನ ಅಂಗೈಯಷ್ಟಿತ್ತು. ಅದರಲ್ಲಿ ಬೆಳಗುತ್ತಿದ್ದದ್ದು ಐದು ಅಕ್ಷರ. ಅಪ್ಪ ಓದಿದ್ದು ಆಗಲೇ ಅರ್ಧ ಪುಟ ಮೀರಿತ್ತು. ಅವನ ಕಣ್ಣು ನೋಡಿದೆ. ಅವು ಹಾಳೆಯ ಮೇಲೇ ಇದ್ದವು; ಸಾಲಿನಿಂದ ಸಾಲಿಗೆ, ಉಲ್ಟಾ ಓದುವವರ ಹಾಗೆ, ಬಲದಿಂದ ಎಡಕ್ಕೆ ನಿಧಾನವಾಗಿ ಸರಿಯುತ್ತಿದ್ದವು.

“ಮೂರು ದಿನದಿಂದ ಯಾವನೋ ಒಬ್ಬ ಬಂದು ಮಾಸ್ತಮ್ಮನ ಕಲ್ಲಿಗೆ ಕಾಗದ ಅಂಟಿಸಿ ಬಡೀತವ್ನೆ. ಮೊಕಕ್ಕೆಲ್ಲ ಮಸಿ. ನೋಡಿದ್ರೆ ನಗ ಬತ್ತದೆ ಕಣಕ್ಕ.”

ಹೆಲೆನ್ ಗೋಡೆಯ ಗಡಿಯಾರದ ಕೆಳಗೆ ನಿಂತಿದ್ದಳು. ನಾಲ್ಕೂವರೆ ಆಗಿಹೋಗಿತ್ತು. ಅವಳು ಅಪ್ಪನನ್ನು ನೋಡಿ, ನನ್ನನ್ನು ನೋಡಿ, ದೀಪ ಆರಿಸಲು ಬಂದವಳು ಅಲ್ಲೇ ನಿಂತಳು. ಇನ್ನು ಹತ್ತು ನಿಮಿಷ ಎಂದು ನಾನು ಬೆರಳು ತೋರಿಸಿದೆ. ತಲೆಯಾಡಿಸಿದಳು.

ಅಪ್ಪ ನಿಲ್ಲಿಸಿದ್ದ. ನಾನು ಹಾಳೆಯನ್ನು ನೋಡಲಿಲ್ಲ. ನೋಡಿದರೆ ಅಕ್ಷರ ಎಣಿಸುತ್ತಿದ್ದೆ.

“ಆಮೇಲೆ ಏನ್ ಬರೆದವ್ಳೆ ಅಪ್ಪ?” ಎಂದು ಕೇಳಿದೆ.

“ತಡಿ ಮಗ,” ಅಂದ, ಇನ್ನಷ್ಟು ಬಾಗಿ. “ಇಲ್ಲಿ ಕಲ್ಲು ವಸಿ ಸವೆದೈತೆ.”